ನಮ್ಮೊಳಗಿನ ಪುರಾತನ ವೈರಸ್: ನರರೋಗದ ಆರೋಪಿಯೋ, ಬರಿಯ ಸಾಕ್ಷಿಯೋ?



ಮನುಷ್ಯನ ಡಿ.ಎನ್.ಎ.ಯನ್ನು ನೂರು ಪುಟಗಳ ಒಂದು ಪುಸ್ತಕವೆಂದು ಭಾವಿಸೋಣ. ದೇಹಕ್ಕೆ ಬೇಕಾದ ಪ್ರೋಟೀನುಗಳನ್ನು ತಯಾರಿಸಲು ನೇರವಾಗಿ ಬಳಕೆಯಾಗುವ ಬರವಣಿಗೆಯನ್ನೆಲ್ಲ ಒಟ್ಟುಗೂಡಿಸಿದರೂ ಅದು ಎರಡು ಪುಟ ತುಂಬುವುದಿಲ್ಲ. ಆದರೆ ಇನ್ನೊಂದು ಬಗೆಯ ಬರಹ ಅಲ್ಲಲ್ಲಿ ಚದುರಿಹೋಗಿದೆ. ಅದನ್ನು ಆಯ್ದು ಜೋಡಿಸಿದರೆ ಸುಮಾರು ಎಂಟು ಪುಟಗಳಾಗುತ್ತವೆ. ಅದು ಮೂಲತಃ ನಮ್ಮದಲ್ಲ. ಲಕ್ಷಾಂತರ, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜ ಪ್ರಾಣಿಗಳಿಗೆ ತಗುಲಿದ ವೈರಸ್‌ಗಳು ಬಿಟ್ಟುಹೋದ ಬರಹ. ಮಾನವ ಜೀನೋಮಿನ ಮೊದಲ ಕರಡು 2001ರ ಫೆಬ್ರವರಿಯಲ್ಲಿ ಪ್ರಕಟವಾದಾಗ ಈ ಲೆಕ್ಕ ಜಗತ್ತಿಗೆ ತಿಳಿಯಿತು.

ಈ ಪುರಾತನ ವೈರಸ್ ತುಣುಕುಗಳು ಸುಮ್ಮನೆ ಮಲಗಿವೆಯೇ, ಅಥವಾ ಮುಪ್ಪಿನಲ್ಲಿ ಎದ್ದು ಮೆದುಳಿನ ನರಕೋಶಗಳನ್ನು ಹಾಳುಗೆಡವುತ್ತವೆಯೇ? ಮೂರು ದಶಕಗಳಿಗೂ ಮೀರಿ ವಿಜ್ಞಾನಿಗಳು ಕೇಳುತ್ತಾ ಬಂದಿರುವ ಪ್ರಶ್ನೆ ಇದು. ಅರ್ಧ ಗಂಟೆಯ ಮಾತುಕತೆಯಲ್ಲಿ ಇಸವಿಗಳನ್ನೂ ಹೆಸರುಗಳನ್ನೂ ವಿವರವಾಗಿ ಹೇಳಲು ಆಗುವುದಿಲ್ಲ. ಆದ್ದರಿಂದ ಆ ಪ್ರಶ್ನೆಯ ಚರಿತ್ರೆಯನ್ನು ಇಲ್ಲಿ ಕ್ರಮವಾಗಿ ನೋಡೋಣ. ಒಂದು ವಸ್ತು ರೋಗದ ಜಾಗದಲ್ಲಿ ಕಂಡಿತು ಎಂಬುದಕ್ಕೂ ಅದೇ ರೋಗವನ್ನು ತಂದಿತು ಎಂಬುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಈ ಚರಿತ್ರೆ ಚೆನ್ನಾಗಿ ಕಲಿಸುತ್ತದೆ.

ಕೋಳಿಯಿಂದ ಆರಂಭವಾದ ಕಥೆ

1908ರಲ್ಲಿ ಕೋಪನ್‌ಹೇಗನ್ನಿನ ಎಲರ್ಮನ್ ಮತ್ತು ಬಾಂಗ್ ಎಂಬ ಇಬ್ಬರು, ಕೋಳಿಗಳ ರಕ್ತ ಕ್ಯಾನ್ಸರು ಜೀವಕೋಶಗಳಿಲ್ಲದ ಸೋಸಿದ ದ್ರವದಿಂದಲೂ ಹರಡುತ್ತದೆಂದು ತೋರಿಸಿದರು. ಮೂರು ವರ್ಷಗಳ ಅನಂತರ, 1911ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಪೇಟನ್ ರೌಸ್ ಅವರು ಕೋಳಿಯೊಂದರ ಎದೆಯ ಗಡ್ಡೆಯನ್ನು ಅರೆದು, ಬ್ಯಾಕ್ಟೀರಿಯಾ ಕೂಡ ದಾಟಲಾಗದ ಸೋಸುಕದಲ್ಲಿ ಸೋಸಿ, ಆ ದ್ರವವನ್ನು ಆರೋಗ್ಯವಂತ ಕೋಳಿಗಳಿಗೆ ಚುಚ್ಚಿದರು. ಅವುಗಳಿಗೂ ಗಡ್ಡೆ ಬಂತು. ಕ್ಯಾನ್ಸರಿಗೆ ವೈರಸ್ ಕಾರಣವಾಗಬಹುದು ಎಂಬ ಮಾತನ್ನು ಆಗ ಹೆಚ್ಚು ಜನ ನಂಬಲಿಲ್ಲ. ಕೋಳಿಗೆ ಬಂದದ್ದು ಮನುಷ್ಯನಿಗೂ ಬರಬೇಕೆಂದೇನು ಎಂದು ಸುಮ್ಮನಾದರು. ರೌಸ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1966ರಲ್ಲಿ, ಅವರ 87ನೆಯ ವಯಸ್ಸಿನಲ್ಲಿ.

ರೌಸ್ ವೈರಸ್ಸಿನ ಆನುವಂಶಿಕ ದ್ರವ್ಯ ಆರ್.ಎನ್.ಎ. ಎಂಬುದು ಆಮೇಲೆ ತಿಳಿಯಿತು. ಆದರೆ ಸೋಂಕಿದ ಜೀವಕೋಶ ಎಷ್ಟು ಸಲ ಒಡೆದು ಮರಿಮಾಡಿದರೂ ಕ್ಯಾನ್ಸರಿನ ಗುಣ ಮುಂದುವರಿಯುತ್ತಿತ್ತಲ್ಲ, ಅದು ಹೇಗೆ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೊವಾರ್ಡ್ ಟೆಮಿನ್ 1964ರಲ್ಲಿ ಒಂದು ಉತ್ತರ ಸೂಚಿಸಿದರು. ವೈರಸ್ಸು ತನ್ನ ಆರ್.ಎನ್.ಎ.ಯನ್ನು ಡಿ.ಎನ್.ಎ. ಆಗಿ ನಕಲು ಮಾಡಿ, ಆ ನಕಲನ್ನು ಜೀವಕೋಶದ ವರ್ಣತಂತುವಿನೊಳಗೇ ಹೊಲಿದುಬಿಡುತ್ತದೆ ಎಂಬುದು ಅವರ ವಾದ. ಡಿ.ಎನ್.ಎ.ಯಿಂದ ಆರ್.ಎನ್.ಎ., ಅದರಿಂದ ಪ್ರೋಟೀನು ಎಂಬ ಒಮ್ಮುಖ ಹರಿವನ್ನು ಕಲಿತಿದ್ದವರಿಗೆ ಇದು ಹೊಳೆ ಬೆಟ್ಟ ಹತ್ತಿದಂತೆ ತೋರಿತು. ಆರು ವರ್ಷ ಅವರು ಅಪನಂಬಿಕೆಯನ್ನು ಎದುರಿಸಬೇಕಾಯಿತು. 1970ರ ಜೂನ್‌ನಲ್ಲಿ ಟೆಮಿನ್ ಮತ್ತು ಸತೋಶಿ ಮಿಜುತಾನಿ ಒಂದು ಕಡೆ, ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಡೇವಿಡ್ ಬಾಲ್ಟಿಮೋರ್ ಇನ್ನೊಂದು ಕಡೆ, ಬೇರೆ ಬೇರೆಯಾಗಿ ಕೆಲಸ ಮಾಡಿ, ಈ ಹಿಮ್ಮುಖ ನಕಲು ಮಾಡುವ ಕಿಣ್ವವನ್ನು ತೋರಿಸಿದರು. ಅದರ ಹೆಸರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಹೀಗೆ ಹಿಂದಕ್ಕೆ ನಡೆಯುವ ವೈರಸ್‌ಗಳಿಗೆ ‘ರೆಟ್ರೊವೈರಸ್’ ಎಂಬ ಹೆಸರು ನಿಂತಿತು. ಏಡ್ಸ್ ತರುವ ಎಚ್.ಐ.ವಿ. ಕೂಡ ಈ ಕುಲದ್ದೇ. ಈ ಕಿಣ್ವದ ಹೆಸರನ್ನು ನೆನಪಿಡಿ. ಮುಂದೆ ನರರೋಗಿಗಳ ರಕ್ತದಲ್ಲಿ ಕಾಣುವ ಸುಳಿವು ಇದೇ.

ಪಿತ್ರಾರ್ಜಿತ ವೈರಸ್

ಎಚ್.ಐ.ವಿ. ಸೋಂಕು ನಮ್ಮ ರಕ್ತದ ಕೆಲವು ಕೋಶಗಳನ್ನು ಸೇರುತ್ತದೆ. ಸೋಂಕಿತನ ಆಯುಷ್ಯದೊಡನೆ ಆ ಕೋಶಗಳೂ ಮುಗಿಯುತ್ತವೆ. ಆದರೆ ರೆಟ್ರೊವೈರಸ್ಸೊಂದು ಅಂಡಾಣುವಿಗೋ ವೀರ್ಯಾಣುವಿಗೋ ಹೊಕ್ಕರೆ? ಆಗ ಅದು ಮಗುವಿನ ಪ್ರತಿಯೊಂದು ಕೋಶಕ್ಕೂ, ಮುಂದೆ ಮೊಮ್ಮಕ್ಕಳಿಗೂ, ಮನೆತನದ ಮೂಗಿನ ಹಾಗೆ ಬಳುವಳಿಯಾಗಿ ಹರಿಯುತ್ತದೆ.

ಇದನ್ನು ಮೊದಲು ಕಂಡವರಲ್ಲಿ ಬ್ರಿಟನ್ನಿನ ರಾಬಿನ್ ವೈಸ್ ಒಬ್ಬರು. 1960ರ ದಶಕದ ಕೊನೆಯಲ್ಲಿ ಅವರು, ಸೋಂಕೇ ತಗುಲದ ಆರೋಗ್ಯವಂತ ಕೋಳಿಗಳ ಕೋಶಗಳಲ್ಲಿಯೂ ವೈರಸ್ಸಿನ ಗುಣವೊಂದು ಮೆಂಡೆಲ್ಲನ ನಿಯಮದಂತೆ ತಂದೆತಾಯಿಗಳಿಂದ ಮಕ್ಕಳಿಗೆ ಬರುತ್ತಿದೆಯೆಂದು ಗುರುತಿಸಿದರು. ಇದು ಅಸಾಧ್ಯವೆಂಬ ಅಭಿಪ್ರಾಯದೊಂದಿಗೆ ಅವರ ಮೊದಲ ಲೇಖನ ತಿರಸ್ಕೃತವಾಯಿತು. ಸಾಕುಕೋಳಿಯ ಮೂಲವಾದ ಕೆಂಪು ಕಾಡುಕೋಳಿಯಲ್ಲಿಯೂ ಆ ವೈರಸ್ ಇದೆಯೇ ಎಂದು ನೋಡಲು ಅವರು ಮಲೇಶಿಯಾದ ಕಾಡಿಗೆ ಹೋದರು. ಅಲ್ಲಿಯೂ ಇತ್ತು. ಹೀಗೆ ಪಿತ್ರಾರ್ಜಿತವಾಗಿ ಬರುವ ವೈರಸ್‌ಗಳಿಗೆ ‘ಅಂತರ್ಜನ್ಯ ರೆಟ್ರೊವೈರಸ್’ ಎನ್ನುತ್ತಾರೆ.

ಇಂಥ ಪ್ರವೇಶ ಹಿಂದೆಂದೋ ಮುಗಿದ ಘಟನೆಯೇನೂ ಅಲ್ಲ. ಆಸ್ಟ್ರೇಲಿಯಾದ ಕೋಆಲಾ ಪ್ರಾಣಿಗಳಲ್ಲಿ ಒಂದು ರೆಟ್ರೊವೈರಸ್ ಈಗಷ್ಟೇ ವಂಶವಾಹಿಯೊಳಗೆ ಸೇರಿಕೊಳ್ಳುತ್ತಿದೆ ಎಂಬುದನ್ನು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ವರದಿ ಮಾಡಿದರು. ಉತ್ತರದ ಕೋಆಲಾಗಳಲ್ಲೆಲ್ಲ ಅದು ಕಂಡುಬಂದಿತ್ತು. ದಕ್ಷಿಣದ ಕೆಲವು ಕೋಆಲಾಗಳಲ್ಲಿ ಇನ್ನೂ ಇರಲಿಲ್ಲ. ನಮ್ಮ ಪೂರ್ವಜರಿಗೆ ಲಕ್ಷಾಂತರ ವರ್ಷಗಳ ಹಿಂದೆ ಆದದ್ದನ್ನು ಈ ಪ್ರಾಣಿಯಲ್ಲಿ ನಾವು ಕಣ್ಣಾರೆ ನೋಡುತ್ತಿದ್ದೇವೆ.

ಶತ್ರು ಮನೆಯ ಆಳಾದದ್ದು

ಹೀಗೆ ಸೇರಿದ ವೈರಸ್‌ಗಳಲ್ಲಿ ಬಹುಪಾಲು ಕಾಲಾಂತರದಲ್ಲಿ ಮುರಿದು ಚೂರಾಗಿವೆ. ಮನುಷ್ಯನಲ್ಲಿರುವ ಯಾವುದೂ ಇಂದು ಪೂರ್ಣ ವೈರಸ್ಸಾಗಿ ಎದ್ದು ಇನ್ನೊಬ್ಬರಿಗೆ ಹರಡುವುದು ಕಂಡುಬಂದಿಲ್ಲ. ಹಾಗೆಂದು ಅವೆಲ್ಲ ಬರಿಯ ಕಸವೂ ಅಲ್ಲ. ತಾಯಿಯ ಗರ್ಭದಲ್ಲಿ ಮಗುವನ್ನು ಪೋಷಿಸುವ ಜರಾಯು, ಅಂದರೆ ಹಳ್ಳಿಗಳಲ್ಲಿ ಮಾಸು ಎಂದು ಕರೆಯುವ ಭಾಗ, ಸರಿಯಾಗಿ ರೂಪುಗೊಳ್ಳಲು ಜೀವಕೋಶಗಳು ಒಂದರೊಡನೊಂದು ಬೆಸೆದುಕೊಳ್ಳಬೇಕು. ಆ ಬೆಸುಗೆಯ ಪ್ರೋಟೀನಾದ ಸಿನ್ಸಿಟಿನ್, ಪುರಾತನ ವೈರಸ್ಸೊಂದರ ಹೊರಕವಚದ ಜೀನಿನಿಂದ ಬಂದದ್ದೆಂದು 2000ದಲ್ಲಿ ಪ್ರಕಟವಾಯಿತು. ಇಲಿಗಳಲ್ಲಿ ಇದೇ ಕೆಲಸ ಮಾಡುವ ಜೀನನ್ನು 2009ರಲ್ಲಿ ತೆಗೆದು ನೋಡಿದಾಗ ಭ್ರೂಣಗಳು ಬದುಕಲಿಲ್ಲ. ಒಂದು ಕಾಲದ ಶತ್ರು ಮನೆಯ ಆಳಾಗಿ ಉಳಿದ ನಿದರ್ಶನ ಇದು.

ಉಳಿದ ತುಣುಕುಗಳನ್ನು ಜೀವಕೋಶ ಕಾವಲಿನಲ್ಲಿಟ್ಟಿದೆ. ಡಿ.ಎನ್.ಎ.ಯ ಆ ಭಾಗಗಳ ಮೇಲೆ ಮಿಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪುಗಳನ್ನು ಅಂಟಿಸಿ, ಬಿಗಿಯಾಗಿ ಸುತ್ತಿ, ಓದಲಾಗದಂತೆ ಮಾಡುತ್ತದೆ. ಓದದ ಜೀನಿನಿಂದ ಪ್ರೋಟೀನೂ ಇಲ್ಲ, ತೊಂದರೆಯೂ ಇಲ್ಲ. ಆದರೆ ವಯಸ್ಸಾದಂತೆ, ಅಥವಾ ಕೋಶಕ್ಕೆ ಪೆಟ್ಟು ಬಿದ್ದಾಗ, ಈ ಬಿಗಿ ಸಡಿಲಬಹುದು. ಅನುಮಾನ ಹುಟ್ಟಿದ್ದು ಇಲ್ಲಿಯೇ.

ಈ ಪೈಕಿ ಇತ್ತೀಚಿನದು ‘ಹರ್ವ್-ಕೆ’ ಎಂಬ ಗುಂಪು. ಅದರ ಕೆಲವು ಪ್ರತಿಗಳು ಚಿಂಪಾಂಜಿಯಲ್ಲಿ ಇಲ್ಲ, ಮನುಷ್ಯನಲ್ಲಿ ಮಾತ್ರ ಇವೆ. 2006ರಲ್ಲಿ ಫ್ರಾನ್ಸಿನ ಥಿಯೆರಿ ಹೈಡ್ಮನ್ ಅವರ ತಂಡ ಈ ಗುಂಪಿನ ಮುರಿದ ಪ್ರತಿಗಳನ್ನು ಹೋಲಿಸಿ, ಮೂಲರೂಪವನ್ನು ಊಹಿಸಿ, ಪ್ರಯೋಗಶಾಲೆಯಲ್ಲಿ ಮರುನಿರ್ಮಿಸಿತು. ಆ ವೈರಸ್ ಜೀವಕೋಶಗಳಿಗೆ ಮತ್ತೆ ಸೋಂಕಬಲ್ಲದಾಗಿತ್ತು, ದುರ್ಬಲವಾಗಿಯಾದರೂ. ಅದಕ್ಕೆ ಬೂದಿಯಿಂದೆದ್ದ ಪುರಾಣದ ಹಕ್ಕಿಯ ಹೆಸರನ್ನೇ ಇಟ್ಟರು: ಫೀನಿಕ್ಸ್.

ಸ್ನಾಯು ಸೋಲುವ ರೋಗ

ಇನ್ನು ನರರೋಗದ ಕಡೆಗೆ ಬರೋಣ. 1869ರಲ್ಲಿ ಪ್ಯಾರಿಸ್ಸಿನ ವೈದ್ಯ ಜೀನ್ ಮಾರ್ಟಿನ್ ಶಾರ್ಕೊ ಒಂದು ಕ್ರೂರ ರೋಗವನ್ನು ವಿವರಿಸಿದರು. ಮೆದುಳಿನಿಂದ ಹಾಗೂ ಬೆನ್ನುಹುರಿಯಿಂದ ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ಹಿಡಿತ ತಪ್ಪುತ್ತದೆ, ಕಾಲು ಎಳೆಯುತ್ತದೆ, ಮಾತು ತೊದಲುತ್ತದೆ. ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಬಹುಪಾಲು ರೋಗಿಗಳಲ್ಲಿ ಅರಿವು ಮಾತ್ರ ಸ್ಪಷ್ಟವಾಗಿಯೇ ಇರುತ್ತದೆ. ಇದನ್ನು ಚುಟುಕಾಗಿ ಎ.ಎಲ್.ಎಸ್. ಎನ್ನುತ್ತಾರೆ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ, 21ನೆಯ ವಯಸ್ಸಿನಲ್ಲಿ, ಪತ್ತೆಯಾದದ್ದು ಈ ರೋಗವೇ. ಅವರು 2018ರವರೆಗೆ ಬದುಕಿದರು. ಆದರೆ ಅದು ಅಪರೂಪದ ಅದೃಷ್ಟ. ಹೆಚ್ಚಿನವರು ರೋಗ ಕಾಣಿಸಿಕೊಂಡ ಎರಡರಿಂದ ಐದು ವರ್ಷಗಳಲ್ಲಿ ತೀರಿಕೊಳ್ಳುತ್ತಾರೆ.

ನೂರರಲ್ಲಿ ಸುಮಾರು ಹತ್ತು ರೋಗಿಗಳಲ್ಲಿ ಇದು ಮನೆತನದಲ್ಲಿ ಬರುವ ರೋಗ. ಅದರ ಮೊದಲ ದೋಷಪೂರಿತ ಜೀನು 1993ರಲ್ಲಿ ಸಿಕ್ಕಿತು. ಉಳಿದ ತೊಂಬತ್ತು ಮಂದಿಯ ಮನೆತನದಲ್ಲಿ ಹಿಂದೆ ಯಾರಿಗೂ ಈ ರೋಗ ಬಂದಿರುವುದಿಲ್ಲ. ಅವರಿಗೆ ಯಾಕೆ ಬಂತು? ಈ ಖಾಲಿ ಜಾಗಕ್ಕೆ ಪುರಾತನ ವೈರಸ್ ಪ್ರವೇಶಿಸಿತು.

ಸುಳಿವುಗಳು ಒಂದರ ಹಿಂದೊಂದು ಬಂದವು. 2001ರಲ್ಲಿ, ಎಚ್.ಐ.ವಿ. ಇದ್ದ ಕೆಲವರಿಗೆ ಎ.ಎಲ್.ಎಸ್. ಹೋಲುವ ಲಕ್ಷಣಗಳು ಬಂದು, ರೆಟ್ರೊವೈರಸ್ ಮದ್ದು ಕೊಟ್ಟಾಗ ಅವು ಹಿಮ್ಮೆಟ್ಟಿದ ವರದಿಗಳು ಪ್ರಕಟವಾದವು. 2000ದಿಂದ 2008ರ ನಡುವಿನ ಹಲವು ಅಧ್ಯಯನಗಳು, ಎಚ್.ಐ.ವಿ. ಇಲ್ಲದ ಸಾಮಾನ್ಯ ಎ.ಎಲ್.ಎಸ್. ರೋಗಿಗಳ ರಕ್ತದಲ್ಲಿಯೂ ನಾವು ನೆನಪಿಟ್ಟ ಆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದ ಚಟುವಟಿಕೆಯನ್ನು ಹೆಚ್ಚಾಗಿ ಕಂಡವು. 2005ರ ಒಂದು ಅಧ್ಯಯನದಲ್ಲಿ ಅದು ರೋಗಿಯ ರಕ್ತಸಂಬಂಧಿಗಳಲ್ಲಿಯೂ ಹೆಚ್ಚಾಗಿತ್ತು, ಜೊತೆಯಲ್ಲೇ ಬಾಳುವ ಗಂಡನಲ್ಲೋ ಹೆಂಡತಿಯಲ್ಲೋ ಅಷ್ಟಾಗಿ ಇರಲಿಲ್ಲ. ಹೊರಗಿನಿಂದ ಅಂಟಿದ ಸೋಂಕಾಗಿದ್ದರೆ ಒಂದೇ ಸೂರಿನಡಿ ಇರುವ ಸಂಗಾತಿಗೂ ತಗುಲಬೇಕಿತ್ತಲ್ಲವೇ? ಹಾಗಾಗಿ ದೃಷ್ಟಿ ಪಿತ್ರಾರ್ಜಿತ ವೈರಸ್ಸಿನ ಕಡೆ ತಿರುಗಿತು.

ಭಾರತದಲ್ಲಿ ವೈದ್ಯ ಪದವಿ ಪಡೆದು ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ಅವೀಂದ್ರ ನಾಥ್ ಮತ್ತು ಸಂಗಡಿಗರು 2011ರಲ್ಲಿ, ಮೃತ ಎ.ಎಲ್.ಎಸ್. ರೋಗಿಗಳ ಮೆದುಳಿನಲ್ಲಿ ಹರ್ವ್-ಕೆ ಎಚ್ಚೆತ್ತ ಗುರುತುಗಳನ್ನು ವರದಿ ಮಾಡಿದರು. 2015ರಲ್ಲಿ ಅದೇ ತಂಡ ಇನ್ನೂ ಮುಂದೆ ಹೋಯಿತು. ಹರ್ವ್-ಕೆ ವೈರಸ್ಸಿನ ಹೊರಕವಚದ ಜೀನನ್ನು ಇಲಿಗಳ ನರಕೋಶಗಳಲ್ಲಿ ಚಾಲೂ ಮಾಡಿದಾಗ, ಚಲನೆಯ ನರಕೋಶಗಳು ನಶಿಸಿ ಇಲಿಗಳ ನಡಿಗೆ ಕೆಟ್ಟಿತು. ಅಂದರೆ ಆ ಪ್ರೋಟೀನು ಹೆಚ್ಚಾದರೆ ನರಕೋಶಕ್ಕೆ ವಿಷವಾಗಬಲ್ಲದು ಎಂಬುದಂತೂ ತೋರಿತು.

ಸಾಕ್ಷಿಯನ್ನು ಮತ್ತೆ ಕರೆದಾಗ

ಪತ್ರಿಕೆಗಳಿಗೆ ಇಷ್ಟು ಸಾಕಿತ್ತು. ವಿಜ್ಞಾನಕ್ಕೆ ಸಾಲದು. ಬೇರೆ ಪ್ರಯೋಗಶಾಲೆಗಳು ಬೇರೆ ರೋಗಿಗಳ ಮೆದುಳಿನ ಮಾದರಿಗಳನ್ನು ತೆಗೆದುಕೊಂಡು ಅದೇ ಅಳತೆಯನ್ನು ಮತ್ತೆ ಮಾಡಿದವು. 2018 ಮತ್ತು 2019ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಎ.ಎಲ್.ಎಸ್. ರೋಗಿಗಳಿಗೂ ಇತರರಿಗೂ ಹರ್ವ್-ಕೆ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಇಂಥ ಭಿನ್ನಾಭಿಪ್ರಾಯಕ್ಕೆ ಯಾರದೋ ಅಪ್ರಾಮಾಣಿಕತೆಯನ್ನು ಹುಡುಕಬೇಕಿಲ್ಲ. ಈ ಅಳತೆಯೇ ಕಠಿಣ. ನಮ್ಮ ಡಿ.ಎನ್.ಎ.ಯಲ್ಲಿ ಈ ವೈರಸ್ಸಿನ ಹತ್ತಾರು ಪ್ರತಿಗಳು ಹೆಚ್ಚು ಕಡಿಮೆ ಒಂದೇ ರೀತಿ ಇವೆ. ಯಾವ ಪ್ರತಿ ಎದ್ದಿದೆ, ಯಾವುದು ಮಲಗಿದೆ ಎಂದು ಹೇಳುವುದು, ಅವಳಿಜವಳಿಗಳು ತುಂಬಿದ ತರಗತಿಯಲ್ಲಿ ಕೂಗಿದವರಾರು ಎಂದು ಹೊರಗೆ ನಿಂತು ಹೇಳಿದಂತೆ. ಎದ್ದ ಜೀನಿನ ಗುರುತಾದ ಆರ್.ಎನ್.ಎ.ಯನ್ನು ಅಳೆಯುವಾಗ ಮಾದರಿಯಲ್ಲಿ ಮಲಗಿರುವ ಡಿ.ಎನ್.ಎ. ಚೂರು ಬೆರೆತರೂ ಲೆಕ್ಕ ತಪ್ಪುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಆಳವಾದದ್ದು. 19ನೆಯ ಶತಮಾನದ ಕೊನೆಯಲ್ಲಿ ರಾಬರ್ಟ್ ಕಾಕ್ ರೋಗಾಣುವಿನ ಮೇಲೆ ಆರೋಪ ಹೊರಿಸಲು ಕೆಲವು ನಿಯಮಗಳನ್ನು ಕೊಟ್ಟಿದ್ದರು. ರೋಗವಿರುವಲ್ಲೆಲ್ಲ ಆ ರೋಗಾಣು ಸಿಗಬೇಕು, ಆರೋಗ್ಯವಂತರಲ್ಲಿ ಇರಬಾರದು ಎಂಬುದು ಅದರ ಮೊದಲ ಮೆಟ್ಟಿಲು. ಆದರೆ ನಮ್ಮ ಆರೋಪಿ ರೋಗಿಯಲ್ಲಿಯೂ ಇದ್ದಾನೆ, ವೈದ್ಯನಲ್ಲಿಯೂ ಇದ್ದಾನೆ, ಈ ಪುಟ ಓದುತ್ತಿರುವ ನಿಮ್ಮಲ್ಲಿಯೂ ಇದ್ದಾನೆ! ಕಳ್ಳ ಹುಟ್ಟಿನಿಂದಲೂ ಮನೆಯೊಳಗೇ ಇರುವಾಗ, ಮನೆಯಲ್ಲಿ ಸಿಕ್ಕಿಬಿದ್ದ ಎಂಬುದು ಸಾಕ್ಷ್ಯವಾಗುವುದಿಲ್ಲ. ಅವನು ಎದ್ದದ್ದು ಯಾವಾಗ, ಕಳವು ಆದದ್ದು ಯಾವಾಗ ಎಂಬುದನ್ನು ತೋರಿಸಬೇಕು.

ಹಾಗಾದರೆ ಮೊದಲು ಆಗುವುದು ಯಾವುದು? 2006ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು, ಎ.ಎಲ್.ಎಸ್. ರೋಗಿಗಳ ನರಕೋಶಗಳಲ್ಲಿ ಗಂಟುಕಟ್ಟಿಕೊಳ್ಳುವ ಪ್ರೋಟೀನು ಟಿ.ಡಿ.ಪಿ.-43 ಎಂದು ಗುರುತಿಸಿದ್ದರು. 2017ರಲ್ಲಿ ಜೋಶ್ ದುಬ್ನಾವ್ ಅವರ ತಂಡ ಮನುಷ್ಯನ ಈ ಪ್ರೋಟೀನನ್ನು ಹಣ್ಣುನೊಣಗಳಲ್ಲಿ ಅತಿಯಾಗಿ ತಯಾರಾಗುವಂತೆ ಮಾಡಿದಾಗ, ನೊಣದ ಸ್ವಂತ ಪುರಾತನ ವೈರಸ್ಸೊಂದು ಎದ್ದಿತು. ಆ ವೈರಸ್ಸನ್ನು ಅಡಗಿಸಿದಾಗ ನೊಣಗಳು ಹೆಚ್ಚು ದಿನ ಬದುಕಿದವು. ಈ ಪ್ರಯೋಗದಂತೆ ನೋಡಿದರೆ ವೈರಸ್ ಮೊದಲ ಅಪರಾಧಿಯಲ್ಲ. ಮೊದಲು ಪ್ರೋಟೀನು ಕೆಡುತ್ತದೆ, ಕಾವಲು ಸಡಿಲುತ್ತದೆ, ಆಮೇಲೆ ಎದ್ದ ವೈರಸ್ ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತದೆ. ಆದರೆ ನೊಣದ ಮಾತು ಮನುಷ್ಯನ ಮಾತಲ್ಲ ಎಂಬ ಎಚ್ಚರಿಕೆ ಇಲ್ಲಿಯೂ ಬೇಕು.

ಮದ್ದಿನ ಪರೀಕ್ಷೆ

ಆರೋಪ ನಿಜವಾಗಿದ್ದರೆ ವೈರಸ್ಸನ್ನು ಅಡಗಿಸುವ ಮದ್ದು ರೋಗವನ್ನೂ ತಡೆಯಬೇಕು. ಆಸ್ಟ್ರೇಲಿಯಾದಲ್ಲಿ ‘ಲೈಟ್‌ಹೌಸ್’ ಎಂಬ ಹೆಸರಿನ ಪ್ರಯೋಗದಲ್ಲಿ 40 ಎ.ಎಲ್.ಎಸ್. ರೋಗಿಗಳಿಗೆ ಎಚ್.ಐ.ವಿ.ಗೆ ಕೊಡುವ ಮೂರು ಮದ್ದುಗಳ ಒಂದು ಗುಳಿಗೆಯನ್ನು 24 ವಾರ ಕೊಟ್ಟರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಮದ್ದು ಸುರಕ್ಷಿತವಾಗಿತ್ತು, ರೋಗಿಗಳು ತಾಳಿಕೊಂಡರು. ಆದರೆ ಮದ್ದಿಲ್ಲದ ಗುಳಿಗೆ ನುಂಗುವ ಹೋಲಿಕೆಯ ಗುಂಪು ಅದರಲ್ಲಿ ಇರಲಿಲ್ಲ. ಅಂಥ ಗುಂಪಿಲ್ಲದೆ ಮದ್ದಿನಿಂದ ಗುಣವಾಯಿತೋ, ರೋಗವೇ ನಿಧಾನವಾಗಿತ್ತೋ ಹೇಳಲಾಗದು. ಸುರಕ್ಷತೆಯನ್ನು ನೋಡುವ ಪ್ರಯೋಗದಿಂದ ಪರಿಣಾಮದ ತೀರ್ಪನ್ನು ಹಿಂಡಿ ತೆಗೆಯಬಾರದು.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಇನ್ನೊಂದು ನರರೋಗದ ಕಥೆಯೂ ಇದೇ ಪಾಠ ಹೇಳುತ್ತದೆ. ನರತಂತುಗಳ ಮೇಲಿನ ಹೊದಿಕೆಯನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಹಾಳುಮಾಡುವ ರೋಗ ಇದು. 1989ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಹರ್ವೆ ಪೆರಾನ್ ಮತ್ತು ಸಂಗಡಿಗರು, ರೋಗಿಯೊಬ್ಬರ ಮೆದುಳ್ಪೊರೆಯ ಕೋಶಗಳಲ್ಲಿ ರೆಟ್ರೊವೈರಸ್ಸಿನ ಚಟುವಟಿಕೆ ಕಂಡರು. ಅದು ‘ಹರ್ವ್-ಡಬ್ಲ್ಯು’ ಎಂಬ ಪುರಾತನ ಗುಂಪಿಗೆ ಸೇರಿದ್ದೆಂದು ಮುಂದೆ ತಿಳಿಯಿತು. ಜರಾಯುವಿನ ಸಿನ್ಸಿಟಿನ್ ಕೂಡ ಇದೇ ಗುಂಪಿನದು! ಇದರ ಹೊರಕವಚದ ಪ್ರೋಟೀನನ್ನು ಹಿಡಿದು ನಿಲ್ಲಿಸುವ ಪ್ರತಿಕಾಯವನ್ನು 270 ರೋಗಿಗಳಲ್ಲಿ ಪರೀಕ್ಷಿಸಿದರು. ಮೆದುಳಿನ ಹೊಸ ಗಾಯಗಳನ್ನು ಕಡಿಮೆ ಮಾಡಬೇಕೆಂಬ ಮುಖ್ಯ ಗುರಿ ಈಡೇರಲಿಲ್ಲ. ಮೆದುಳು ಕುಗ್ಗುವುದು ನಿಧಾನವಾದ ಕೆಲವು ಚಿಹ್ನೆಗಳು ಮಾತ್ರ ಕಂಡವು. ಇತ್ತ 2022ರಲ್ಲಿ, ಅಮೆರಿಕದ ಸೇನೆಯ ಒಂದು ಕೋಟಿಗೂ ಹೆಚ್ಚು ಮಂದಿಯ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು, ಹೊರಗಿನಿಂದ ತಗುಲುವ ಎಪ್ಸ್ಟೀನ್-ಬಾರ್ ವೈರಸ್ ಸೋಂಕಿನ ನಂತರ ಈ ರೋಗದ ಸಂಭವ 32 ಪಟ್ಟು ಏರುತ್ತದೆಂದು ತೋರಿಸಿತು. ಇಲ್ಲಿ ಸೋಂಕು ಮೊದಲು, ರೋಗ ಆಮೇಲೆ ಎಂಬ ಕಾಲಕ್ರಮ ದಾಖಲೆಯಲ್ಲೇ ಇತ್ತು. ಪುರಾತನ ವೈರಸ್ಸಿನ ವಿಷಯದಲ್ಲಿ ಇಷ್ಟು ಬಲವಾದ ಸಾಕ್ಷ್ಯ ಇನ್ನೂ ದೊರೆತಿಲ್ಲ.

ಆಲ್ಜೈಮರ್ ಮರೆವಿನ ರೋಗದಲ್ಲಿ ಗಂಟುಕಟ್ಟುವ ಟೌ ಎಂಬ ಪ್ರೋಟೀನು ಕೂಡ ಕಾವಲನ್ನು ಸಡಿಲಿಸಿ ಇಂಥ ತುಣುಕುಗಳನ್ನು ಎಬ್ಬಿಸುತ್ತದೆಂದು ಟೆಕ್ಸಾಸಿನ ಬೆಸ್ ಫ್ರಾಸ್ಟ್ ಅವರ ತಂಡ 2018ರಲ್ಲಿ ಹಣ್ಣುನೊಣಗಳಲ್ಲಿ ತೋರಿಸಿತು. ಎಚ್.ಐ.ವಿ. ಮದ್ದಾದ ಲ್ಯಾಮಿವುಡೀನ್ ಕೊಟ್ಟಾಗ ನೊಣಗಳ ನರಕೋಶಗಳ ಸಾವು ಕಡಿಮೆಯಾಯಿತು.

ಚರಿತ್ರೆ ಕಲಿಸುವುದು

ಈ ಚರಿತ್ರೆಯಲ್ಲಿ ಎರಡು ಬಗೆಯ ಆತುರಗಳಿವೆ. ರೌಸ್, ಟೆಮಿನ್, ವೈಸ್ ಇವರನ್ನು ನಂಬದೆ ಇದ್ದವರದು ಒಂದು ಆತುರ. ಅಸಾಧ್ಯವೆಂದು ಬೇಗ ಹೇಳಿಬಿಟ್ಟರು. ರೋಗಿಯ ಮೆದುಳಿನಲ್ಲಿ ವೈರಸ್ ಸಿಕ್ಕಿದ ಕೂಡಲೇ ಕಾರಣ ಸಿಕ್ಕಿತೆಂದು ಸಂಭ್ರಮಿಸುವವರದು ಇನ್ನೊಂದು ಆತುರ. ಮೊದಲನೆಯದರಿಂದ ವಿಜ್ಞಾನ ಹಲವು ವರ್ಷ ತಡವಾಯಿತು. ಎರಡನೆಯದರಿಂದ ತೊಂದರೆಗೆ ಒಳಗಾಗುವವರು ರೋಗಿಗಳು. ಎರಡರಿಂದ ಐದು ವರ್ಷವಷ್ಟೇ ಕೈಯಲ್ಲಿರುವ ಮನುಷ್ಯನಿಗೆ ಸುಳ್ಳು ಭರವಸೆ ಕೊಡುವುದು ಸಣ್ಣ ತಪ್ಪಲ್ಲ. ಅಂಥ ಮನೆಯವರು ಪತ್ರಿಕೆಯ ತುಣುಕೊಂದನ್ನು ನಂಬಿ, ವೈದ್ಯರ ಸಲಹೆಯಿಲ್ಲದೆ ಎಚ್.ಐ.ವಿ. ಮದ್ದುಗಳನ್ನು ತಂದುಕೊಡುವುದು ಅಪಾಯಕರ.

ಆದ್ದರಿಂದ ‘ಇಂಥ ರೋಗಕ್ಕೆ ಇದೇ ಕಾರಣ’ ಎಂಬ ಸುದ್ದಿಯನ್ನು ಕಂಡಾಗ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಆ ಕಾರಣ ರೋಗಕ್ಕಿಂತ ಮೊದಲು ಬಂತೆಂದು ತೋರಿಸಿದ್ದಾರೆಯೇ? ಬೇರೆಯವರು ಬೇರೆ ಕಡೆ ಅದನ್ನೇ ಮತ್ತೆ ಕಂಡಿದ್ದಾರೆಯೇ? ಆ ಕಾರಣವನ್ನು ತಡೆದಾಗ, ಹೋಲಿಕೆಯ ಗುಂಪಿಗಿಂತ ಹೆಚ್ಚಾಗಿ, ರೋಗ ನಿಂತಿತೇ? ನಮ್ಮೊಳಗಿನ ಪುರಾತನ ವೈರಸ್ ಮೊದಲ ಪ್ರಶ್ನೆಗೆ ಇನ್ನೂ ಸ್ಪಷ್ಟ ಉತ್ತರ ಕೊಟ್ಟಿಲ್ಲ. ಎರಡನೆಯದಕ್ಕೆ ಹೌದು ಎಂದವರೂ ಇದ್ದಾರೆ, ಇಲ್ಲ ಎಂದವರೂ ಇದ್ದಾರೆ. ಮೂರನೆಯದಕ್ಕೆ ನೊಣಗಳು ಕೊಟ್ಟ ಉತ್ತರವನ್ನು ಮನುಷ್ಯರಲ್ಲಿ ಇನ್ನೂ ಖಚಿತಪಡಿಸಬೇಕಾಗಿದೆ.

ಈ ಮೂರು ಪ್ರಶ್ನೆಗಳಿಗೂ ಉತ್ತರ ದೊರೆಯುವವರೆಗೆ ಅದನ್ನು ಅಪರಾಧಿಯೆಂದು ಕರೆಯುವಂತಿಲ್ಲ. ಹಾಗೆಂದು ಬಿಡುಗಡೆ ಮಾಡುವಂತೆಯೂ ಇಲ್ಲ. ವಿಚಾರಣೆ ನಡೆಯುತ್ತಿದೆ. ನಿಮ್ಮಲ್ಲಿ ಯಾರಾದರೂ ಜೀವವಿಜ್ಞಾನವನ್ನೋ ವೈದ್ಯಕೀಯವನ್ನೋ ಓದಲು ಹೊರಟಿದ್ದರೆ, ಕೇಳಲು ಇನ್ನೂ ಬಹಳ ಪ್ರಶ್ನೆಗಳು ಉಳಿದಿರುವ ವಿಚಾರಣೆ ಇದು.